ತಲೆಯ ಗಾಯದ ತಡೆ ಮತ್ತು ಶಸ್ತ್ರಚಿಕಿತ್ಸೆಯ ಫಲಿತಾಂಶ: ವೈದ್ಯಕೀಯ ಸಂಶೋಧನೆಯಿಂದ ತಿಳಿದುಬಂದಿರುವ ಸಂಗತಿಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ದ್ವಿಚಕ್ರ ವಾಹನ ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಸಂಬಂಧಿಕರು ಆಸ್ಪತ್ರೆಯಲ್ಲಿ ಅತ್ಯಲ್ಪ ಕಾಲಾವಧಿಯಲ್ಲಿ ಹಲವು ತೀರ್ಮಾನಗಳನ್ನು ಕೈಗೊಳ್ಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ಸಮ್ಮತಿ ಪತ್ರಕ್ಕೆ ಸಹಿ ಮಾಡುವುದು, ಬೇರೊಂದು ಆಸ್ಪತ್ರೆಗೆ ವರ್ಗಾಯಿಸಲು ಒಪ್ಪುವುದು, ಕೆಲವು ಸಂದರ್ಭಗಳಲ್ಲಿ ರೋಗಿಯನ್ನು ವೈದ್ಯಕೀಯ ಸಂಶೋಧನೆಯೊಂದಕ್ಕೆ ಸೇರಿಸಿಕೊಳ್ಳಲು ಅನುಮತಿ ನೀಡುವುದು ಹಾಗೂ ತದನಂತರ ಪರಿಹಾರ ಮತ್ತು ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವುದು ಇವುಗಳಲ್ಲಿ ಮುಖ್ಯವಾದವು. ಇಂತಹ ಸಂದರ್ಭಗಳಲ್ಲಿ ಸಾರ್ವಜನಿಕರಿಗೆ ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ಸರಳವಾಗಿ ನಿರೂಪಿಸಲಾಗಿದೆ.

ಭಾರತ ಸರ್ಕಾರದ ರಸ್ತೆ ಸಾರಿಗೆ ಮತ್ತು ಹೆದ್ದಾರಿಗಳ ಸಚಿವಾಲಯದ ವರದಿಯ ಪ್ರಕಾರ 2022ನೇ ಸಾಲಿನಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿದ್ದು, 1,68,491 ಮಂದಿ ಮೃತಪಟ್ಟಿರುತ್ತಾರೆ. ಮೃತರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಪ್ರಯಾಣಿಸುತ್ತಿದ್ದವರು. ಹೆಲ್ಮೆಟ್ ಧರಿಸದೆ ಮೃತಪಟ್ಟವರ ಸಂಖ್ಯೆ 50,029. ಇವರ ಪೈಕಿ 35,692 ಮಂದಿ ಸವಾರರು. 14,337 ಮಂದಿ ಹಿಂಬದಿಯಲ್ಲಿ ಕುಳಿತವರು.

ಎಂಟು ದಶಕಗಳಿಗೂ ಮೀರಿದ ಸಂಶೋಧನೆಯಿಂದ ಒಂದು ಸಂಗತಿ ಸ್ಪಷ್ಟವಾಗಿದೆ. ಶಸ್ತ್ರಚಿಕಿತ್ಸೆಯು ಅನೇಕರ ಜೀವವನ್ನು ಉಳಿಸಬಲ್ಲದು. ಆದರೆ ಪೆಟ್ಟು ಬಿದ್ದ ಕ್ಷಣದಲ್ಲಿಯೇ ನಾಶವಾದ ಮೆದುಳಿನ ಭಾಗವನ್ನು ಮರಳಿ ಕೊಡಲಾರದು. ಆದ್ದರಿಂದ ಗಾಯಾಳು ಯಾವ ಸ್ಥಿತಿಯಲ್ಲಿ ಮನೆಗೆ ಹಿಂದಿರುಗುತ್ತಾರೆ ಎಂಬುದು ಬಹುಮಟ್ಟಿಗೆ ಶಸ್ತ್ರಚಿಕಿತ್ಸಾ ಕೊಠಡಿಯನ್ನು ತಲುಪುವ ಮುನ್ನವೇ ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ನಾಗರಿಕರ ಪಾತ್ರ ದೊಡ್ಡದು.

2. ತಲೆಗೆ ಪೆಟ್ಟಾದಾಗ ಸಂಭವಿಸುವುದೇನು?

ಮೆದುಳು ಅತ್ಯಂತ ಮೃದುವಾದ ಅಂಗ. ಅದನ್ನು ಗಟ್ಟಿಯಾದ ತಲೆಬುರುಡೆಯು ಎಲ್ಲ ಕಡೆಗಳಿಂದಲೂ ಸುತ್ತುವರಿದಿದೆ. ವೇಗವಾಗಿ ಚಲಿಸುತ್ತಿರುವ ತಲೆಯು ರಸ್ತೆಗೆ ಅಪ್ಪಳಿಸಿ ಥಟ್ಟನೆ ನಿಂತಾಗ ಒಳಗಿನ ಮೆದುಳು ಬುರುಡೆಯ ಒಳಗೋಡೆಗೆ ತಾಗುತ್ತದೆ, ತಿರುಚಿಕೊಳ್ಳುತ್ತದೆ, ನರತಂತುಗಳು ಮತ್ತು ಸಣ್ಣ ರಕ್ತನಾಳಗಳು ಹರಿಯುತ್ತವೆ. ಇದನ್ನು ಪ್ರಾಥಮಿಕ ಹಾನಿ ಎನ್ನಲಾಗುತ್ತದೆ. ಈ ಹಾನಿಯನ್ನು ಸರಿಪಡಿಸುವ ಔಷಧವಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಲ್ಲ. ಅದನ್ನು ತಡೆಯುವುದೊಂದೇ ಮಾರ್ಗ.

ಅನಂತರದ ಗಂಟೆಗಳಲ್ಲಿ ದ್ವಿತೀಯಕ ಹಾನಿ ಆರಂಭವಾಗುತ್ತದೆ. ಬುರುಡೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತದೆ, ಮೆದುಳು ಊದಿಕೊಳ್ಳುತ್ತದೆ. ಬುರುಡೆಯು ಹಿಗ್ಗಲಾರದ ಕಾರಣ ಒಳಗಿನ ಒತ್ತಡ ಏರುತ್ತಾ ಹೋಗಿ, ಮೆದುಳಿಗೆ ರಕ್ತ ಮತ್ತು ಆಮ್ಲಜನಕ ತಲುಪುವುದು ಕಡಿಮೆಯಾಗುತ್ತದೆ. ಉಸಿರಾಟದ ತೊಂದರೆ ಅಥವಾ ದೇಹದ ಬೇರೆ ಭಾಗಗಳಿಂದಾಗುವ ರಕ್ತಸ್ರಾವವು ಈ ಹಾನಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ತುರ್ತು ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆಯ ಉದ್ದೇಶ ಈ ದ್ವಿತೀಯಕ ಹಾನಿಯನ್ನು ತಡೆಯುವುದೇ ಆಗಿದೆ.

3. ಹೆಲ್ಮೆಟ್: ಶಸ್ತ್ರಚಿಕಿತ್ಸಕರೊಬ್ಬರ ಅವಲೋಕನದಿಂದ ಕಾನೂನಿನವರೆಗೆ

1935ರ ಮೇ 13ರಂದು ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಸೇನಾಧಿಕಾರಿ ಹಾಗೂ ಲೇಖಕರು ಮೋಟಾರ್ ಸೈಕಲ್ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟಾಗಿ ಆರು ದಿನಗಳ ನಂತರ ಮೃತಪಟ್ಟರು. ಅವರ ಚಿಕಿತ್ಸೆಗೆ ಕರೆಸಲಾಗಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಸೇನೆಯ ಮೋಟಾರ್ ಸೈಕಲ್ ಸವಾರರು ರಸ್ತೆ ಅಪಘಾತಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಸಾಯುತ್ತಿದ್ದುದನ್ನು ಗಮನಿಸಿದ ಕೇರ್ನ್ಸ್, ಗಾಯಾಳುಗಳ ವಿವರಗಳನ್ನು ಕ್ರಮವಾಗಿ ಕಲೆಹಾಕಿದರು. ಹೆಲ್ಮೆಟ್ ಧರಿಸಿ ಅಪಘಾತಕ್ಕೀಡಾದ ಏಳು ಪ್ರಕರಣಗಳು ಮಾತ್ರ ಅವರ ಗಮನಕ್ಕೆ ಬಂದಿದ್ದವು. ಆ ಏಳು ಮಂದಿಯೂ ಬದುಕುಳಿದಿದ್ದರು. 1941ರಲ್ಲಿ ಈ ಅಧ್ಯಯನವು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆಯು ಕರ್ತವ್ಯದಲ್ಲಿರುವ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. 1946ರಲ್ಲಿ ಕೇರ್ನ್ಸ್ ಪ್ರಕಟಿಸಿದ ಮತ್ತೊಂದು ಲೇಖನವು ಸವಾರರ ಸಾವುಗಳು ಇಳಿಮುಖವಾದುದನ್ನು ದಾಖಲಿಸಿತು. ಆದರೂ ಬ್ರಿಟನ್ನಿನ ಎಲ್ಲ ನಾಗರಿಕ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ.

ಏಳು ಪ್ರಕರಣಗಳು ಸಣ್ಣ ಸಂಖ್ಯೆಯೇ ಸರಿ. ಆದುದರಿಂದ ನಂತರದ ಸಂಶೋಧಕರು ವಿವಿಧ ದೇಶಗಳಲ್ಲಿ ಹೆಚ್ಚಿನ ಅಧ್ಯಯನಗಳನ್ನು ಕೈಗೊಂಡರು. 2008ರಲ್ಲಿ ಕಾಕ್ರೇನ್ ಸಂಸ್ಥೆಯು 61 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಅಪಘಾತಕ್ಕೀಡಾದ ಮೋಟಾರ್ ಸೈಕಲ್ ಸವಾರರಲ್ಲಿ ಹೆಲ್ಮೆಟ್ ಧಾರಣೆಯಿಂದ ಸಾವಿನ ಸಂಭವವು ಸುಮಾರು ಶೇ. 42ರಷ್ಟು ಮತ್ತು ತಲೆಯ ಗಾಯದ ಸಂಭವವು ಸುಮಾರು ಶೇ. 69ರಷ್ಟು ಕಡಿಮೆಯಾಗುತ್ತದೆ ಎಂದು ತೀರ್ಮಾನಿಸಿತು.

ನಮ್ಮಂತೆಯೇ ದ್ವಿಚಕ್ರ ವಾಹನಗಳು ಹೆಚ್ಚಾಗಿರುವ ವಿಯೆಟ್ನಾಂ ದೇಶದಲ್ಲಿ 2007ರ ಡಿಸೆಂಬರ್ 15ರಿಂದ ಹೆಲ್ಮೆಟ್ ಕಡ್ಡಾಯ ಕಾನೂನು ಜಾರಿಗೆ ಬಂದಿತು. ಕಾನೂನಿನ ಜಾರಿಗೆ ಮುಂಚಿನ ಮತ್ತು ನಂತರದ ಮೂರು ತಿಂಗಳುಗಳ ಆಸ್ಪತ್ರೆ ದಾಖಲೆಗಳನ್ನು ಹೋಲಿಸಿದಾಗ, ರಸ್ತೆ ಅಪಘಾತದ ಗಾಯಾಳುಗಳಲ್ಲಿ ತಲೆಯ ಗಾಯದ ಸಂಭವವು ಶೇ. 16ರಷ್ಟು ಮತ್ತು ಸಾವಿನ ಸಂಭವವು ಶೇ. 18ರಷ್ಟು ಇಳಿದಿರುವುದು ಕಂಡುಬಂದಿತು.

ಕರ್ನಾಟಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ಈ ವಿಷಯದಲ್ಲಿ ದೀರ್ಘಕಾಲದಿಂದ ಕಾರ್ಯನಿರ್ವಹಿಸುತ್ತಿದೆ. ಈ ಸಂಸ್ಥೆಯು ತಲೆಯ ಗಾಯಗಳಿಗೆ ಚಿಕಿತ್ಸೆ ನೀಡುವುದರ ಜೊತೆಗೆ, ಗಾಯಗಳ ತಡೆ ಮತ್ತು ಸುರಕ್ಷತೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಾಗಿಯೂ ಸೇವೆ ಸಲ್ಲಿಸಿದೆ. ಪೊಲೀಸ್ ಇಲಾಖೆ ಮತ್ತು ಆಸ್ಪತ್ರೆಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಯಾರಿಗೆ, ಎಲ್ಲಿ, ಹೇಗೆ ಗಾಯಗಳಾಗುತ್ತಿವೆ ಎಂಬುದನ್ನು ಅಧ್ಯಯನ ಮಾಡುವ ಕಾರ್ಯಕ್ರಮಗಳನ್ನೂ ಇದು ಬೆಂಗಳೂರಿನಲ್ಲಿ ನಡೆಸಿದೆ. ಆಸ್ಪತ್ರೆಯಲ್ಲಿ ಅಪಘಾತದ ವಿವರಗಳನ್ನೂ ಹೆಲ್ಮೆಟ್ ಧರಿಸಿದ್ದರೇ ಎಂಬುದನ್ನೂ ಕೇಳಿದಾಗ ಸಾರ್ವಜನಿಕರು ನಿಜಸ್ಥಿತಿಯನ್ನು ತಿಳಿಸುವುದು ಇದೇ ಕಾರಣಕ್ಕೆ ಮಹತ್ವದ್ದಾಗಿದೆ.

4. ಹೆಲ್ಮೆಟ್ ಕಾರ್ಯನಿರ್ವಹಿಸುವ ವಿಧಾನ ಮತ್ತು ಆಯ್ಕೆ

ಹೆಲ್ಮೆಟ್‌ನ ಹೊರಕವಚಕ್ಕಿಂತ ಅದರೊಳಗಿನ ದಪ್ಪನೆಯ ಫೋಮ್ ಪದರವು ಹೆಚ್ಚು ಮುಖ್ಯ. ಪೆಟ್ಟು ಬಿದ್ದಾಗ ಈ ಪದರವು ಕುಗ್ಗುತ್ತಾ ಹೋಗಿ ತಲೆಯು ನಿಲ್ಲಲು ತುಸು ಹೆಚ್ಚು ಅಂತರ ಮತ್ತು ಕಾಲವನ್ನು ಒದಗಿಸುತ್ತದೆ. ನಿಲ್ಲುವ ಅಂತರ ಹೆಚ್ಚಿದಷ್ಟೂ ಮೆದುಳಿನ ಮೇಲಿನ ಬಲ ಕಡಿಮೆಯಾಗುತ್ತದೆ. ಒಮ್ಮೆ ಕುಗ್ಗಿದ ಫೋಮ್ ಪುನಃ ಮೊದಲಿನ ಸ್ಥಿತಿಗೆ ಬಾರದು. ಆದ್ದರಿಂದ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರನೋಟಕ್ಕೆ ಸರಿಯಾಗಿದ್ದರೂ ಅದನ್ನು ಬದಲಾಯಿಸತಕ್ಕದ್ದು.

ಊರೊಳಗೆ ನಿಧಾನವಾಗಿ ಹೋಗುವಾಗ ಹೆಲ್ಮೆಟ್ ಅನಗತ್ಯವೆಂಬ ಭಾವನೆ ಸರಿಯಲ್ಲ. ನಿಂತಿರುವ ವಾಹನದಿಂದಲೇ ಬಿದ್ದರೂ, ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳುವ ತಲೆಯು ನೆಲವನ್ನು ತಾಗುವಾಗ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿರುತ್ತದೆ. ವಾಹನದ ವೇಗ ಇದರ ಜೊತೆಗೆ ಸೇರುತ್ತದೆ.

ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಭಾರತೀಯ ಮಾನಕ ಬ್ಯೂರೋದ ಐ.ಎಸ್. 4151 ಮಾನಕಕ್ಕೆ ಅನುಗುಣವಾದ, ಐ.ಎಸ್.ಐ. ಗುರುತುಳ್ಳ ಹೆಲ್ಮೆಟ್‌ಗಳನ್ನೇ ಕೊಳ್ಳಬೇಕು. 2021ರ ಜೂನ್ 1ರಿಂದ ಜಾರಿಗೆ ಬಂದಿರುವ ಗುಣಮಟ್ಟ ನಿಯಂತ್ರಣ ಆದೇಶದನ್ವಯ ಈ ಗುರುತಿಲ್ಲದ ದ್ವಿಚಕ್ರ ವಾಹನ ಹೆಲ್ಮೆಟ್‌ಗಳ ಮಾರಾಟ ನಿಷಿದ್ಧ.

(ಆ) ಗದ್ದದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಮೊದಲ ಪೆಟ್ಟಿಗೇ ತಲೆಯಿಂದ ಕಳಚಿಹೋಗುವ ಸಾಧ್ಯತೆಯಿರುತ್ತದೆ.

(ಇ) ಮೋಟಾರು ವಾಹನಗಳ ಕಾಯ್ದೆ, 1988ರ 129ನೇ ಪ್ರಕರಣಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಎಲ್ಲರೂ ಹೆಲ್ಮೆಟ್ ಧರಿಸತಕ್ಕದ್ದು. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಇದೆ. ರಾಜ್ಯದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದಲೇ ಇದನ್ನು ಜಾರಿಗೊಳಿಸಲಾಗಿದೆ.

(ಈ) 2023ರ ಫೆಬ್ರವರಿ 15ರಿಂದ ಜಾರಿಗೆ ಬಂದಿರುವ ಕೇಂದ್ರ ನಿಯಮಗಳನ್ವಯ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವಿನ ಅಳತೆಯ ಹೆಲ್ಮೆಟ್ ಹಾಗೂ ಮಗುವನ್ನು ಸವಾರರಿಗೆ ಬಂಧಿಸುವ ಸುರಕ್ಷಾ ಪಟ್ಟಿ ಇರಬೇಕು. ವಾಹನದ ವೇಗ ಗಂಟೆಗೆ 40 ಕಿ.ಮೀ. ಮೀರಕೂಡದು.

5. ಅಪಘಾತದ ನಂತರದ ಮೊದಲ ಗಂಟೆಗಳು

1981ರಲ್ಲಿ ಅಮೆರಿಕದ ರಿಚ್ಮಂಡ್ ನಗರದ ವೈದ್ಯರು ಮೆದುಳಿನ ಹೊರಪೊರೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಪ್ರಜ್ಞೆ ತಪ್ಪಿದ್ದ 82 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಗಾಯವಾದ ನಾಲ್ಕು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 30ರಷ್ಟು ಮಂದಿ ಮೃತಪಟ್ಟಿದ್ದರೆ, ಅದಕ್ಕೂ ತಡವಾಗಿ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 90ರಷ್ಟು ಮಂದಿ ಮೃತಪಟ್ಟಿದ್ದರು. ನಂತರದ ಎಲ್ಲ ಅಧ್ಯಯನಗಳಲ್ಲಿಯೂ ಇಷ್ಟು ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಆದರೂ ಹೆಪ್ಪುಗಟ್ಟಿದ ರಕ್ತವು ಮೆದುಳನ್ನು ಒತ್ತುತ್ತಿರುವಾಗ ವಿಳಂಬವು ಅಪಾಯಕರವೆಂಬುದು ಸರ್ವಸಮ್ಮತ.

ಕಾಲದ ಮಹತ್ವವನ್ನು ಇನ್ನೂ ಖಚಿತವಾಗಿ ತೋರಿಸಿಕೊಟ್ಟದ್ದು ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧದ ಅಧ್ಯಯನ. ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಬೆಳಕಿಗೆ ತಂದ ಈ ಅಗ್ಗದ ಔಷಧವು ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆದು ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ. ಕ್ರ್ಯಾಶ್-2 ಎಂಬ ಅಧ್ಯಯನದಲ್ಲಿ 40 ದೇಶಗಳ 274 ಆಸ್ಪತ್ರೆಗಳ 20,211 ಗಾಯಾಳುಗಳು ಪಾಲ್ಗೊಂಡಿದ್ದರು. ಇವುಗಳಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 14.5 ಇದ್ದರೆ, ಪಡೆಯದವರಲ್ಲಿ ಶೇ. 16 ಇತ್ತು. 2011ರ ವಿಶ್ಲೇಷಣೆಯು ಮತ್ತೊಂದು ಅಂಶವನ್ನು ಹೊರಗೆಡವಿತು. ಗಾಯವಾದ ಒಂದು ಗಂಟೆಯೊಳಗೆ ಔಷಧ ಪಡೆದವರಲ್ಲಿ ರಕ್ತಸ್ರಾವದಿಂದಾದ ಸಾವು ಶೇ. 7.7ರಿಂದ ಶೇ. 5.3ಕ್ಕೆ ಇಳಿದಿತ್ತು. ಮೂರು ಗಂಟೆಗಳು ಕಳೆದ ಮೇಲೆ ನೀಡಿದಾಗ ಅಂತಹ ಸಾವು ಶೇ. 3.1ರಿಂದ ಶೇ. 4.4ಕ್ಕೆ ಏರಿತ್ತು. ಸಕಾಲದಲ್ಲಿ ಜೀವ ಉಳಿಸುವ ಔಷಧವೇ ತಡವಾದರೆ ಹಾನಿ ಮಾಡಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

2019ರಲ್ಲಿ ಪ್ರಕಟವಾದ ಕ್ರ್ಯಾಶ್-3 ಅಧ್ಯಯನವು ಇದೇ ಔಷಧವನ್ನು 29 ದೇಶಗಳ 12,737 ತಲೆಗಾಯದ ರೋಗಿಗಳಲ್ಲಿ ಪರಿಶೀಲಿಸಿತು. ಮೂರು ಗಂಟೆಗಳೊಳಗೆ ಔಷಧ ಪಡೆದ, ಸಾಧಾರಣ ಮತ್ತು ಮಧ್ಯಮ ಪ್ರಮಾಣದ ಗಾಯವಾದವರಲ್ಲಿ ತಲೆಗಾಯದಿಂದಾಗುವ ಸಾವು ಕಡಿಮೆಯಾಯಿತು. ಅತಿ ತೀವ್ರ ಗಾಯವಾದವರಲ್ಲಿ ಪ್ರಯೋಜನ ಕಂಡುಬರಲಿಲ್ಲ.

ಅಪಘಾತದ ಸ್ಥಳದಲ್ಲಿರುವವರು ಕೈಗೊಳ್ಳಬೇಕಾದ ಕ್ರಮಗಳು:

(ಅ) ವಿಳಂಬವಿಲ್ಲದೆ 108 ಅಥವಾ 112 ಸಂಖ್ಯೆಗೆ ಕರೆ ಮಾಡಿ ಸ್ಥಳದ ಗುರುತನ್ನು ಸ್ಪಷ್ಟವಾಗಿ ತಿಳಿಸಬೇಕು.

(ಆ) ಉಸಿರಾಟಕ್ಕೆ ಅಡ್ಡಿಯಾಗದ ಹೊರತು ಗಾಯಾಳುವಿನ ಹೆಲ್ಮೆಟ್ ತೆಗೆಯಬಾರದು. ಕುತ್ತಿಗೆಯನ್ನು ತಿರುಗಿಸಬಾರದು, ಬಗ್ಗಿಸಬಾರದು.

(ಇ) ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸೋಡಾ ಅಥವಾ ಬೇರಾವುದೇ ಪದಾರ್ಥವನ್ನು ಹಾಕಬಾರದು. ಅದು ಶ್ವಾಸಕೋಶಕ್ಕೆ ಸೇರುವ ಅಪಾಯವಿದೆ.

(ಈ) ಹೊರಗೆ ರಕ್ತ ಸುರಿಯುತ್ತಿದ್ದಲ್ಲಿ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು.

(ಉ) ಅಪಘಾತ ಸಂಭವಿಸಿದ ಸಮಯವನ್ನು ಗಮನದಲ್ಲಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು. ಮೇಲೆ ವಿವರಿಸಿದ ಮೂರು ಗಂಟೆಗಳ ಲೆಕ್ಕ ಅಲ್ಲಿಂದಲೇ ಆರಂಭವಾಗುತ್ತದೆ.

ಪೆಟ್ಟಾದ ನಂತರ ಎದ್ದು ಮಾತನಾಡಿ, ಮನೆಗೆ ಹೋದ ವ್ಯಕ್ತಿಯು ಕೆಲವು ಗಂಟೆಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುವ ಪ್ರಸಂಗಗಳುಂಟು. ಬುರುಡೆ ಮತ್ತು ಮೆದುಳಿನ ಹೊರಪೊರೆಯ ನಡುವೆ ರಕ್ತ ಶೇಖರವಾಗುತ್ತಿರುವುದು ಇದಕ್ಕೆ ಒಂದು ಕಾರಣ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಇಂತಹವರು ಉತ್ತಮವಾಗಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಅಸಹಜ ನಿದ್ದೆ ಅಥವಾ ಮಂಪರು, ಮಾತಿನ ತೊದಲು, ಕೈಕಾಲುಗಳ ದೌರ್ಬಲ್ಯ, ಅಪಸ್ಮಾರ, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ತಿಳಿನೀರು ಸೋರುವುದು ಇವುಗಳಲ್ಲಿ ಯಾವುದೇ ಲಕ್ಷಣ ಕಂಡುಬಂದಲ್ಲಿ ಕೂಡಲೇ ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವೃದ್ಧರು ಹಾಗೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರ ವಿಷಯದಲ್ಲಿ ಸಣ್ಣ ಪೆಟ್ಟನ್ನೂ ಕಡೆಗಣಿಸಬಾರದು.

6. ಶಸ್ತ್ರಚಿಕಿತ್ಸೆಯಿಂದ ನಿರೀಕ್ಷಿಸಬಹುದಾದುದು

ಮೆದುಳಿನ ಊತವು ಔಷಧಗಳಿಗೆ ಬಗ್ಗದಿದ್ದಾಗ ತಲೆಬುರುಡೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ತೆಗೆದು ಒತ್ತಡವನ್ನು ಇಳಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಇದರ ಫಲಿತಾಂಶದ ಕುರಿತು 2016ರಲ್ಲಿ ಪ್ರಕಟವಾದ ರೆಸ್ಕ್ಯೂ-ಐ.ಸಿ.ಪಿ. ಅಧ್ಯಯನವು 408 ರೋಗಿಗಳನ್ನು ಒಳಗೊಂಡಿತ್ತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದು ಗುಂಪಿಗೆ ಔಷಧಗಳ ಚಿಕಿತ್ಸೆಯನ್ನೂ ನೀಡಿ, ಆರು ತಿಂಗಳ ನಂತರದ ಸ್ಥಿತಿಯನ್ನು ಹೋಲಿಸಲಾಯಿತು.

ಪ್ರತಿ ನೂರು ರೋಗಿಗಳ ಲೆಕ್ಕದಲ್ಲಿ ಹೇಳುವುದಾದರೆ, ಔಷಧ ಚಿಕಿತ್ಸೆಯ ಗುಂಪಿನಲ್ಲಿ ಸುಮಾರು 49 ಮಂದಿ ಮೃತಪಟ್ಟಿದ್ದರು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಮೃತಪಟ್ಟವರು ಸುಮಾರು 27 ಮಂದಿ. ಅಂದರೆ ಶಸ್ತ್ರಚಿಕಿತ್ಸೆಯು ಸುಮಾರು 22 ಮಂದಿಯ ಜೀವವನ್ನು ಉಳಿಸಿತು. ಆದರೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಅರಿವಿಲ್ಲದ ಸ್ಥಿತಿಯಲ್ಲಿಯೇ ಉಳಿದವರು ಸುಮಾರು 8 ಅಥವಾ 9 ಮಂದಿ. ಇನ್ನೊಂದು ಗುಂಪಿನಲ್ಲಿ 2 ಮಂದಿ. ದೈನಂದಿನ ಅಗತ್ಯಗಳಿಗೆ ಪರರನ್ನು ಅವಲಂಬಿಸಬೇಕಾದವರು ಕ್ರಮವಾಗಿ ಸುಮಾರು 22 ಮತ್ತು 14 ಮಂದಿ. ಉತ್ತಮವಾಗಿ ಚೇತರಿಸಿಕೊಂಡವರ ಸಂಖ್ಯೆ ಎರಡೂ ಗುಂಪುಗಳಲ್ಲಿ ಅತ್ಯಲ್ಪ: ಶಸ್ತ್ರಚಿಕಿತ್ಸೆಯ ನಂತರ ಸುಮಾರು 4, ಔಷಧ ಚಿಕಿತ್ಸೆಯ ನಂತರ ಸುಮಾರು 7.

ಈ ಅಂಕಿಗಳನ್ನು ಶಸ್ತ್ರಚಿಕಿತ್ಸೆ ಬೇಡವೆಂಬ ಅರ್ಥದಲ್ಲಿ ಗ್ರಹಿಸಬಾರದು. ಇವು ಚಿಕಿತ್ಸೆಯ ಇತರ ಮಾರ್ಗಗಳು ಫಲಿಸದೆ ಹೋದ ತೀವ್ರ ಸ್ವರೂಪದ ರೋಗಿಗಳಿಗೆ ಸಂಬಂಧಿಸಿದವು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಮನೆಯಲ್ಲಿಯಾದರೂ ಸ್ವತಂತ್ರವಾಗಿರಬಲ್ಲ ಸ್ಥಿತಿಯನ್ನು ಅಥವಾ ಅದಕ್ಕಿಂತ ಉತ್ತಮ ಸ್ಥಿತಿಯನ್ನು ತಲುಪಿದವರು ಹನ್ನೆರಡು ತಿಂಗಳ ವೇಳೆಗೆ ಶೇ. 45.4ರಷ್ಟಿದ್ದರು, ಇನ್ನೊಂದು ಗುಂಪಿನಲ್ಲಿ ಶೇ. 32.4ರಷ್ಟಿದ್ದರು. ಚೇತರಿಕೆಯು ದೀರ್ಘಕಾಲ ಮುಂದುವರಿಯುತ್ತದೆ ಎಂಬುದೂ ಇದರಿಂದ ವ್ಯಕ್ತವಾಗುತ್ತದೆ.

ಸಮ್ಮತಿ ಪತ್ರಕ್ಕೆ ಸಹಿ ಮಾಡುವ ಮುನ್ನ ಸಂಬಂಧಿಕರು ವೈದ್ಯರಲ್ಲಿ ಈ ಕೆಳಕಂಡ ಪ್ರಶ್ನೆಗಳನ್ನು ಕೇಳಬಹುದು. ವಿವರಣೆಯನ್ನು ತಮಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ರೋಗಿಯ ಕಡೆಯವರ ಹಕ್ಕು.

– ಈ ಶಸ್ತ್ರಚಿಕಿತ್ಸೆಯ ಉದ್ದೇಶ ಜೀವ ಉಳಿಸುವುದೇ, ಅಂಗವೈಕಲ್ಯ ತಪ್ಪಿಸುವುದೇ ಅಥವಾ ಎರಡೂ ಆಗಿದೆಯೇ?
– ಮಾಡದಿದ್ದಲ್ಲಿ ಏನಾಗಬಹುದು? ಬೇರೆ ಚಿಕಿತ್ಸಾ ಕ್ರಮವಿದೆಯೇ?
– ಬದುಕುಳಿದಲ್ಲಿ ರೋಗಿಯ ಸ್ಥಿತಿ ಹೇಗಿರುವ ಸಂಭವವಿದೆ?
– ಮುಂದೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುವುದೇ? (ತೆಗೆದ ಮೂಳೆಯನ್ನು ಅಥವಾ ಅದರ ಬದಲಿಯನ್ನು ಅನಂತರ ಜೋಡಿಸಬೇಕಾಗುತ್ತದೆ.)

ಜೀವಕ್ಕೆ ತಕ್ಷಣದ ಅಪಾಯವಿದ್ದು ಸಂಬಂಧಿಕರು ಲಭ್ಯರಿಲ್ಲದಿದ್ದಲ್ಲಿ, ಸಮ್ಮತಿಗಾಗಿ ಕಾಯದೆ ವೈದ್ಯರು ಜೀವರಕ್ಷಕ ಚಿಕಿತ್ಸೆಯನ್ನು ನೀಡಬಹುದಾಗಿದೆ.

7. ಶಸ್ತ್ರಚಿಕಿತ್ಸಾ ಸುರಕ್ಷತೆಯ ಪರಿಶೀಲನಾ ಪಟ್ಟಿ

ಆಸ್ಪತ್ರೆಯಲ್ಲಿ ರೋಗಿಯ ಹೆಸರು, ಶಸ್ತ್ರಚಿಕಿತ್ಸೆಯ ಭಾಗ, ಎಡವೋ ಬಲವೋ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂಬ ಪ್ರಶ್ನೆಗಳನ್ನು ಬೇರೆ ಬೇರೆ ಸಿಬ್ಬಂದಿ ಪುನಃ ಪುನಃ ಕೇಳುವುದರಿಂದ ಕೆಲವರು ಬೇಸರಗೊಳ್ಳುವುದುಂಟು. ಇದು ಸಿಬ್ಬಂದಿಯ ಮರೆವಿನಿಂದ ಆಗುವುದಲ್ಲ; ಉದ್ದೇಶಪೂರ್ವಕವಾಗಿ ಅನುಸರಿಸುವ ಕ್ರಮ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಪರಿಶೀಲನಾ ಪಟ್ಟಿಯೊಂದನ್ನು ರೂಪಿಸಿತು. ಅರಿವಳಿಕೆ ನೀಡುವ ಮುನ್ನ, ಚರ್ಮವನ್ನು ಕೊಯ್ಯುವ ಮುನ್ನ ಮತ್ತು ರೋಗಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರತರುವ ಮುನ್ನ, ಹೀಗೆ ಮೂರು ಹಂತಗಳಲ್ಲಿ ತಂಡದವರು ಇದನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುತ್ತಾರೆ. ನವದೆಹಲಿಯೂ ಸೇರಿದಂತೆ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಪಟ್ಟಿಯ ಬಳಕೆಯ ನಂತರ ಸಾವಿನ ಪ್ರಮಾಣವು ಶೇ. 1.5ರಿಂದ ಶೇ. 0.8ಕ್ಕೂ, ತೊಡಕುಗಳ ಪ್ರಮಾಣವು ಶೇ. 11ರಿಂದ ಶೇ. 7ಕ್ಕೂ ಇಳಿದಿತ್ತು. ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಇದಕ್ಕೆ ಬೇಕಾಗಿರಲಿಲ್ಲ. ಆದ್ದರಿಂದ ಸಿಬ್ಬಂದಿಯ ಪ್ರಶ್ನೆಗಳಿಗೆ ಪ್ರತಿ ಬಾರಿಯೂ ಸಂಪೂರ್ಣವಾಗಿ ಉತ್ತರಿಸಿ ಸಹಕರಿಸಬೇಕು.

8. ಸಂಶೋಧನೆಯಲ್ಲಿ ಪಾಲ್ಗೊಳ್ಳಲು ಕೋರಿದಾಗ

"ನಮ್ಮವರ ಮೇಲೆ ಪ್ರಯೋಗ ಮಾಡುತ್ತಾರೆಯೇ?" ಎಂಬ ಆತಂಕ ಸಹಜ. ಸಂಶೋಧನೆ ಏಕೆ ಅಗತ್ಯವೆಂಬುದಕ್ಕೆ ಸ್ಟಿರಾಯ್ಡ್ ಔಷಧದ ಉದಾಹರಣೆಯನ್ನು ಗಮನಿಸಬಹುದು. ತಲೆಗಾಯದ ಊತ ಇಳಿಸಲು ಸ್ಟಿರಾಯ್ಡ್ ನೀಡುವುದು ದಶಕಗಳ ಕಾಲ ಹಲವೆಡೆ ರೂಢಿಯಲ್ಲಿತ್ತು. ಕ್ರ್ಯಾಶ್ ಎಂಬ ಮೊದಲ ಅಧ್ಯಯನದಲ್ಲಿ 10,008 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಟಿರಾಯ್ಡನ್ನೂ ಇನ್ನೊಂದಕ್ಕೆ ಔಷಧವಿಲ್ಲದ ದ್ರಾವಣವನ್ನೂ ನೀಡಲಾಯಿತು. ಎರಡು ವಾರಗಳೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1ರಷ್ಟು ಮಂದಿಯೂ ಪಡೆಯದವರಲ್ಲಿ ಶೇ. 17.9ರಷ್ಟು ಮಂದಿಯೂ ಮೃತಪಟ್ಟಿದ್ದರು. ಹಾನಿ ಕಂಡುಬಂದ ಕೂಡಲೇ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಉಪಕಾರಿಯೆಂದು ನಂಬಲಾಗಿದ್ದ ಚಿಕಿತ್ಸೆಯು ಅಪಾಯಕಾರಿಯಾಗಿತ್ತು. ಒಬ್ಬೊಬ್ಬ ವೈದ್ಯರ ಅನುಭವದಿಂದ ಇದು ಗೋಚರಿಸುವುದು ಸಾಧ್ಯವಿರಲಿಲ್ಲ. ಸಾವಿರಾರು ರೋಗಿಗಳನ್ನು ನ್ಯಾಯವಾಗಿ ಹೋಲಿಸಿದಾಗ ಮಾತ್ರ ತಿಳಿದುಬಂದಿತು.

ಭಾಗವಹಿಸುವವರ ಹಿತರಕ್ಷಣೆಗಾಗಿ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳು, 2019 ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಗಳು ಜಾರಿಯಲ್ಲಿವೆ. ಇವುಗಳ ಮುಖ್ಯಾಂಶಗಳು:

(ಅ) ಪಾಲ್ಗೊಳ್ಳುವುದು ಸಂಪೂರ್ಣವಾಗಿ ಸ್ವಯಂಪ್ರೇರಿತ. ನಿರಾಕರಿಸಿದಲ್ಲಿ ಅಥವಾ ಮಧ್ಯದಲ್ಲಿ ಹಿಂದೆ ಸರಿದಲ್ಲಿ ರೋಗಿಗೆ ದೊರೆಯಬೇಕಾದ ಚಿಕಿತ್ಸೆಗೆ ಧಕ್ಕೆಯಾಗಕೂಡದು.

(ಆ) ನೈತಿಕ ಸಮಿತಿಯ ಅನುಮೋದನೆಯಿಲ್ಲದೆ ಪ್ರಯೋಗ ನಡೆಸುವಂತಿಲ್ಲ. ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕ ಸದಸ್ಯರೂ ಇರತಕ್ಕದ್ದು.

(ಇ) ಮಾಹಿತಿ ಪತ್ರ ಮತ್ತು ಸಮ್ಮತಿ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ರೋಗಿಗೆ ಪ್ರಜ್ಞೆ ಇಲ್ಲದಿದ್ದಲ್ಲಿ ಕಾನೂನುಬದ್ಧ ಪ್ರತಿನಿಧಿಯು ಸಮ್ಮತಿ ನೀಡಬಹುದು.

(ಈ) ಔಷಧ ಪ್ರಯೋಗದಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆಗೂ ನಿಯಮಾನುಸಾರ ಪರಿಹಾರಕ್ಕೂ ಅವಕಾಶವಿದೆ.

(ಉ) 2007ರಲ್ಲಿ ಆರಂಭವಾದ ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಜಾಲತಾಣದಲ್ಲಿ ಪ್ರಯೋಗದ ವಿವರಗಳನ್ನು ಯಾರು ಬೇಕಾದರೂ ಉಚಿತವಾಗಿ ಪರಿಶೀಲಿಸಬಹುದು. ನೋಂದಣಿ ಸಂಖ್ಯೆಯನ್ನು ಸಂಶೋಧಕರಿಂದ ಕೇಳಿ ಪಡೆಯಬಹುದಾಗಿದೆ.

9. ಸೇವೆ ಮತ್ತು ಪರಿಹಾರ ಕೋರುವವರ ಗಮನಕ್ಕೆ

ತುರ್ತು ಚಿಕಿತ್ಸೆ: ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಗಾಯಾಳುವಿಗೆ ಚಿಕಿತ್ಸೆ ನೀಡುವುದು ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಮೋಟಾರು ವಾಹನಗಳ ಕಾಯ್ದೆಯ 134ನೇ ಪ್ರಕರಣವೂ ಇದನ್ನೇ ವಿಧಿಸುತ್ತದೆ.

ನೆರವಾದವರ ರಕ್ಷಣೆ: ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರನ್ನು ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗಾರಿಕೆಗೆ ಗುರಿಪಡಿಸುವಂತಿಲ್ಲ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ 134ಎ ಪ್ರಕರಣ ಹಾಗೂ ಇದೇ ಉದ್ದೇಶದ ಕರ್ನಾಟಕದ 2016ರ ಕಾಯ್ದೆಯು ಅವರಿಗೆ ರಕ್ಷಣೆ ಒದಗಿಸುತ್ತವೆ.

ನಗದುರಹಿತ ಚಿಕಿತ್ಸೆ: ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯು ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ರೂ. 25,000ದವರೆಗೆ ವೆಚ್ಚ ಭರಿಸುವ ವ್ಯವಸ್ಥೆಯನ್ನು ಮಾಡಿತ್ತು. ಕೇಂದ್ರ ಸರ್ಕಾರವು 2025ರ ಮೇ 5ರಂದು ಅಧಿಸೂಚಿಸಿದ ಯೋಜನೆಯನ್ವಯ, ಮೋಟಾರು ವಾಹನದಿಂದಾದ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರೂ. 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಲಭ್ಯವಿದೆ. ದಾಖಲಾಗುವ ಸಮಯದಲ್ಲಿಯೇ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ದಾಖಲೆಗಳು: ಗಾಯದ ಪ್ರಮಾಣಪತ್ರ, ಸಿ.ಟಿ. ಸ್ಕ್ಯಾನ್ ಚಿತ್ರ ಮತ್ತು ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಿಡುಗಡೆ ಸಾರಾಂಶ, ಬಿಲ್ಲುಗಳು ಹಾಗೂ ಪ್ರಥಮ ವರ್ತಮಾನ ವರದಿಯ ಪ್ರತಿಗಳನ್ನು ಒಂದೇ ಕಡೆ ಕಾಪಾಡಿಕೊಳ್ಳಬೇಕು. ವೈದ್ಯಕೀಯ ದಾಖಲೆಗಳನ್ನು ಕೋರಿದ 72 ಗಂಟೆಗಳೊಳಗೆ ನೀಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ವಿನಿಯಮಗಳು ತಿಳಿಸುತ್ತವೆ.

ಪರಿಹಾರ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು 2019ರ ತಿದ್ದುಪಡಿಯು ಆರು ತಿಂಗಳ ಅವಧಿಯನ್ನು ನಿಗದಿಪಡಿಸಿದೆ. ಆದ್ದರಿಂದ ರೋಗಿಯು ಸಂಪೂರ್ಣ ಚೇತರಿಸಿಕೊಳ್ಳಲೆಂದು ಕಾಯುತ್ತಾ ಕಾಲ ಕಳೆಯಬಾರದು.

ಅಂಗವೈಕಲ್ಯ ಪ್ರಮಾಣಪತ್ರ: ತಲೆಗಾಯದ ನಂತರ ನಡಿಗೆ, ಮಾತು, ದೃಷ್ಟಿ, ನೆನಪು ಅಥವಾ ವರ್ತನೆಯಲ್ಲಿ ಶಾಶ್ವತ ತೊಂದರೆ ಉಳಿದಲ್ಲಿ ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರಬೇಕು. ಹೊರಗೆ ಕಾಣದ ನೆನಪಿನ ಹಾಗೂ ವರ್ತನೆಯ ತೊಂದರೆಗಳನ್ನೂ ವೈದ್ಯರ ಗಮನಕ್ಕೆ ತಂದು ದಾಖಲೆಯಲ್ಲಿ ನಮೂದಿಸಿಕೊಳ್ಳಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಲ್ಮೆಟ್ ಧರಿಸುವುದರಿಂದ ಕುತ್ತಿಗೆಗೆ ಹೆಚ್ಚು ಹಾನಿಯಾಗುವುದೇ?
ಉತ್ತರ: 2008ರ ಕಾಕ್ರೇನ್ ಪರಿಶೀಲನೆಯಲ್ಲಿ ಕುತ್ತಿಗೆಯ ಗಾಯದ ಕುರಿತು ತೀರ್ಮಾನಕ್ಕೆ ಬರಲು ಸಾಕಷ್ಟು ಪುರಾವೆ ದೊರೆತಿರಲಿಲ್ಲ. ಸಾವು ಮತ್ತು ತಲೆಯ ಗಾಯ ಕಡಿಮೆಯಾಗುವುದಕ್ಕೆ ಮಾತ್ರ ದೃಢವಾದ ಪುರಾವೆ ಇದೆ. ಆದುದರಿಂದ ಈ ಆತಂಕವು ಹೆಲ್ಮೆಟ್ ತ್ಯಜಿಸಲು ಕಾರಣವಾಗಲಾರದು.

ಪ್ರಶ್ನೆ: ಸಮೀಪದ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕರಿಲ್ಲದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಉಸಿರಾಟ ಮತ್ತು ರಕ್ತದೊತ್ತಡವನ್ನು ಸ್ಥಿರಗೊಳಿಸುವ ಚಿಕಿತ್ಸೆಯನ್ನು ಅಲ್ಲಿಯೇ ಪಡೆದು, ವೈದ್ಯರ ಸಲಹೆಯಂತೆ ಆಂಬುಲೆನ್ಸ್‌ನಲ್ಲಿ ವರ್ಗಾಯಿಸಬೇಕು. ಹೋಗುವ ಆಸ್ಪತ್ರೆಗೆ ಮುಂಚಿತವಾಗಿ ದೂರವಾಣಿ ಮೂಲಕ ತಿಳಿಸುವಂತೆಯೂ ನೀಡಿದ ಔಷಧಗಳ ವಿವರವುಳ್ಳ ಪತ್ರವನ್ನು ಕೊಡುವಂತೆಯೂ ಕೋರಬೇಕು.

ಪ್ರಶ್ನೆ: ಹೆಲ್ಮೆಟ್ ಧರಿಸಿರಲಿಲ್ಲವೆಂದು ಹೇಳಿದಲ್ಲಿ ಚಿಕಿತ್ಸೆ ನಿರಾಕರಿಸುವರೇ?
ಉತ್ತರ: ಇಲ್ಲ. ತುರ್ತು ಚಿಕಿತ್ಸೆ ಪಡೆಯುವ ಹಕ್ಕಿಗೂ ಹೆಲ್ಮೆಟ್ ಧಾರಣೆಗೂ ಸಂಬಂಧವಿಲ್ಲ. ವೈದ್ಯರಿಗೆ ನಿಜ ಸಂಗತಿಯನ್ನೇ ತಿಳಿಸಬೇಕು.

ಸಾರ್ವಜನಿಕರು, ವಿಶೇಷವಾಗಿ ಮಕ್ಕಳನ್ನೂ ವೃದ್ಧರನ್ನೂ ಹಿಂಬದಿಯಲ್ಲಿ ಕರೆದೊಯ್ಯುವವರು, ಮೇಲ್ಕಂಡ ಮಾಹಿತಿಯನ್ನು ಗಮನಿಸಿ, ಮನೆಯ ಎಲ್ಲ ಸದಸ್ಯರಿಗೂ ತಿಳಿಸಿ, ಪ್ರತಿ ಪ್ರಯಾಣದಲ್ಲಿಯೂ ಹೆಲ್ಮೆಟ್ ಧರಿಸಿ ಸಹಕರಿಸಬೇಕಾಗಿ ಕೋರಲಾಗಿದೆ.